ಅಪ್ಪ-ಅಮ್ಮನ ಆಸ್ಪತ್ರೆ ಬಿಲ್ಲಿಗೆ ಯಾವುದು ಆದೀತು: ಕಾರ್ಡಾ, ಪಾಲಿಸಿನಾ, ಎಫ್‌ಡಿನಾ?

ಅಮ್ಮ ಜಾರಿ ಬಿದ್ದಿದ್ದು ಬೆಳಗಿನ ಜಾವ, ಬಚ್ಚಲಲ್ಲಿ. ಹನುಮಂತನಗರದ ನಮ್ಮ ಮನೆ ಹಳೆಯದು, ಬಚ್ಚಲಿಗೆ ಆಗಿನ್ನೂ ಕಡಪ ಕಲ್ಲು. ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಅವತ್ತೇ ಸೇರಿಸಿದೆವು, ಮರುದಿನ ಆಪರೇಷನ್, ಆರನೇ ದಿನ ಡಿಸ್ಚಾರ್ಜ್. ಪಾಲಿಸಿ ಇದೆಯಲ್ಲ ಅಂತ ಧೈರ್ಯವಾಗಿದ್ದೆವು. ಅಪ್ಪ ರಿಟೈರ್ ಆದ ವರ್ಷ ಮಾಡಿಸಿದ 3 ಲಕ್ಷದ ಪಾಲಿಸಿ ಅದು. ಒಂದು ವರ್ಷವೂ ತಪ್ಪಿಸದೆ ಕಟ್ಟಿಕೊಂಡು ಬಂದಿದ್ದರು.

ಬಿಲ್ಲಿಂಗ್ ಕೌಂಟರಿನ ಹುಡುಗ ಪ್ರಿಂಟ್ ತೆಗೆದು ಮುಂದಿಟ್ಟ. ಒಟ್ಟು 2,80,000. ಕಂಪನಿ ಒಪ್ಪಿದ್ದು 1,22,400. "ಉಳಿದದ್ದು ಕಾರ್ಡಾ, ಯುಪಿಐನಾ ಮೇಡಂ?" ಅಂದ. ಅವನಿಗೆ ಇದು ದಿನಕ್ಕೆ ನಲವತ್ತು ಸಲ ಕೇಳುವ ಪ್ರಶ್ನೆ. ಅಪ್ಪ ಮಾತ್ರ ಆ ಕಾಗದವನ್ನು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ಓದಿದರು.

ಆಮೇಲೆ ನಾನು ಎಲ್ಲ ಪಾಲಿಸಿ, ಕಾರ್ಡು, ಸ್ಕೀಮುಗಳ ಕಾಗದ ಹರಡಿಕೊಂಡು ಕೂತೆ. ನಾನು ಏಜೆಂಟ್ ಅಲ್ಲ, ಯಾರ ಪಾಲಿಸಿಯನ್ನೂ ಮಾರುತ್ತಿಲ್ಲ. ಕೂತು ನೋಡಿದ ಮೇಲೆ ಅನಿಸಿದ್ದು ಒಂದೇ. ನಾವು 'ಇದು ಎಷ್ಟು ಕೊಡುತ್ತೆ' ಅಂತ ಹೋಲಿಸುತ್ತೇವೆ. ಹೋಲಿಸಬೇಕಾದ್ದು 'ಇದು ಏನನ್ನು ಕೊಡಲ್ಲ' ಅನ್ನೋದನ್ನ. ಎಲ್ಲದರಲ್ಲೂ ಒಂದೊಂದು ತೂತು ಇದೆ. ಒಂದರ ತೂತನ್ನು ಇನ್ನೊಂದು ಮುಚ್ಚುತ್ತಾ ಅಂತ ನೋಡಿಕೊಂಡು ಎರಡನ್ನು ಜೋಡಿಸಬೇಕು. ಅರವತ್ತೈದು ದಾಟಿದವರಿಗೆ ಯಾವುದೇ ಒಂದು ಸಾಲದು.

ಮೊದಲು ಆ ಬಿಲ್ಲನ್ನೇ ಬಿಡಿಸೋಣ

ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇತ್ತು. ಪಾಲಿಸಿಯ ಒಟ್ಟು ಮೊತ್ತದ ಶೇ. 1, ಅಂದರೆ ದಿನಕ್ಕೆ 3,000. ನಾವು ತೆಗೆದುಕೊಂಡಿದ್ದು 6,000ದ ಒಂಟಿ ರೂಮ್. 'ಹೆಚ್ಚಿನದ್ದು ನಾವೇ ಕೊಟ್ಟರಾಯಿತು, ದಿನಕ್ಕೆ ಮೂರು ಸಾವಿರ ತಾನೇ' ಅಂದುಕೊಂಡೆವು. ಎಡವಿದ್ದು ಅಲ್ಲೇ.

ಮಿತಿ ಮೀರಿದ ರೂಮ್ ತೆಗೆದುಕೊಂಡರೆ ಕಡಿತ ಬಾಡಿಗೆಗೆ ಮಾತ್ರ ಅಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ಅನಸ್ತೇಸಿಯಾ, ನರ್ಸಿಂಗ್, ಎಲ್ಲಕ್ಕೂ ಅದೇ ಅನುಪಾತದಲ್ಲಿ ಕತ್ತರಿ. ನಮ್ಮ ಮಿತಿ ರೂಮ್ ಬಾಡಿಗೆಯ ಅರ್ಧ, ಹಾಗಾಗಿ ಕೊಟ್ಟಿದ್ದೂ ಅರ್ಧ. 36,000 ಬಾಡಿಗೆಗೆ 18,000. ಡಾಕ್ಟರ್, ಥಿಯೇಟರ್ ವಗೈರೆ 1,20,000ಕ್ಕೆ 60,000. ಮೂಳೆಗೆ ಹಾಕಿದ ಇಂಪ್ಲಾಂಟ್ 70,000ಕ್ಕೆ 35,000. ಔಷಧಿ ಮತ್ತು ಟೆಸ್ಟುಗಳ 40,000 ಪೂರ್ತಿ ಕೊಟ್ಟರು. ಗ್ಲೌಸು, ಡೈಪರ್, ಅಡ್ಮಿಷನ್ ಚಾರ್ಜ್ ಅಂತ 14,000 ಇತ್ತು, ಅದಕ್ಕೆ ಸೊನ್ನೆ. ಕೂಡಿದರೆ 1,53,000. ಅದರ ಮೇಲೆ ಶೇ. 20 ಕೋ-ಪೇ, ಅಂದರೆ ನಮ್ಮ ಪಾಲು, 30,600 ಕಳೆದರು.

ಇಬ್ಬರು ಹಂಚಿಕೊಳ್ಳುವ 3,000ದ ರೂಮಿಗೆ ಹೋಗಿದ್ದರೆ? ಹೆಚ್ಚಿನ ಖಾಸಗಿ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದ ಹಾಗೆ ಸರ್ಜನ್ ಫೀ ಕೂಡ ಏರುತ್ತದೆ. ಕಮ್ಮಿ ರೂಮಿನಲ್ಲಿ ಅದೇ ಆಪರೇಷನ್ ಹೆಚ್ಚುಕಮ್ಮಿ 2 ಲಕ್ಷಕ್ಕೆ ಮುಗಿಯುತ್ತಿತ್ತು. ನಮ್ಮ ಕೈಯಿಂದ ಹೋಗುತ್ತಿದ್ದದ್ದು 50 ಸಾವಿರದ ಆಸುಪಾಸು. ಒಂಟಿ ರೂಮಿಗೆ ನಾವು ಕೊಟ್ಟ ನಿಜವಾದ ಬೆಲೆ ದಿನಕ್ಕೆ ಮೂರು ಸಾವಿರ ಅಲ್ಲ, ಹೆಚ್ಚುಕಮ್ಮಿ ಹದಿನೆಂಟು ಸಾವಿರ.

ಮೇಲಿನ ಲೆಕ್ಕದಲ್ಲಿ ಕಂಪನಿಯದ್ದೂ ಒಂದು ತಪ್ಪಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಸರ್ಕಾರದ ಕಾರ್ಡು

ನಮ್ಮಲ್ಲಿ ಇರುವುದು 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ'. ಕೇಂದ್ರದ ಯೋಜನೆ 2018ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು, ರಾಜ್ಯದ ಯೋಜನೆಯನ್ನು ಅದರ ಜೊತೆ ಸೇರಿಸಿದರು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೂ ಇದೆ, ಆದರೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಎಪಿಎಲ್‌ನವರು 'ನಮಗೇನೂ ಇಲ್ಲ' ಅಂತ ಕಾರ್ಡನ್ನೇ ಮಾಡಿಸಿರುವುದಿಲ್ಲ. ಮಾಡಿಸಿ, ದುಡ್ಡೇನೂ ಕೇಳುವುದಿಲ್ಲವಲ್ಲ.

ಇದರಲ್ಲಿ ದೊಡ್ಡ ಸಮಾಧಾನ ಅಂದರೆ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ. ಶುಗರ್ ಎಷ್ಟು ವರ್ಷದಿಂದ ಇದೆ ಅಂತ ಯಾರೂ ಕೇಳಲ್ಲ. ವಯಸ್ಸಿನ ಮಿತಿಯೂ ಇಲ್ಲ. ಪ್ರೀಮಿಯಂ ಇಲ್ಲ.

ತೂತು ಎಲ್ಲಿ? ನೀವು ಇಷ್ಟಪಟ್ಟ ಆಸ್ಪತ್ರೆಗೆ ನೇರ ಹೋಗುವ ಹಾಗಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದರೆ ರೆಫರಲ್ ಕೊಡುತ್ತಾರೆ, ಆಗ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಕಿಲ್ಲ. ಬೆಂಗಳೂರಿನಲ್ಲಿ ಇದನ್ನು ಪೂರ್ತಿ ತೊಂದರೆ ಅಂತಲೂ ಹೇಳಲಾರೆ. ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ನರ-ಮೆದುಳಿಗೆ ನಿಮ್ಹಾನ್ಸ್, ಕಣ್ಣಿಗೆ ಮಿಂಟೋ, ಮೂಳೆಗೆ ಸಂಜಯ್ ಗಾಂಧಿ. ಬೇರೆ ಊರಿನವರು ಬಸ್ಸು ಹತ್ತಿ ಬರುವ ಆಸ್ಪತ್ರೆಗಳು ನಮಗೆ ಆಟೋ ದೂರದಲ್ಲಿವೆ. ಅಲ್ಲಿ ಕೊಡಬೇಕಾದದ್ದು ದುಡ್ಡಿಗಿಂತ ಜಾಸ್ತಿ ಹೊತ್ತು. ಬೆಳಗ್ಗೆ ಏಳಕ್ಕೆ ಟೋಕನ್‌ಗೆ ನಿಲ್ಲಲು ಮನೆಯಲ್ಲಿ ಒಬ್ಬರು ಬೇಕು. ಒಂಟಿಯಾಗಿರುವ ಎಪ್ಪತ್ತೈದರ ಅಜ್ಜಿಗೆ ಇದೇ ದೊಡ್ಡ ಖರ್ಚು.

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, 5 ಲಕ್ಷದ 'ವಯ ವಂದನ' ಕಾರ್ಡು ಶುರು ಮಾಡಿತು. ಕೇಳಲು ಚೆನ್ನಾಗಿದೆ. ಮೂರು ವಿಷಯ ತಿಳಿದಿರಲಿ. ಈ 5 ಲಕ್ಷ ತಲೆಗೆ ಅಲ್ಲ, ಮನೆಯಲ್ಲಿರುವ 70 ದಾಟಿದವರಿಗೆಲ್ಲ ಸೇರಿ. ವಯಸ್ಸಿಗೆ ಆಧಾರ್ ಒಂದೇ ಸಾಕ್ಷಿ. ನಮ್ಮ ಹಿರಿಯರಲ್ಲಿ ಎಷ್ಟು ಜನರ ಹುಟ್ಟಿದ ದಿನ ಶಾಲೆಯ ಮೇಷ್ಟ್ರು ಬರೆದಿದ್ದೋ ದೇವರಿಗೇ ಗೊತ್ತು, ಆಧಾರ್‌ನಲ್ಲಿ ಎರಡು ವರ್ಷ ಕಮ್ಮಿ ಇದ್ದರೆ ಎರಡು ವರ್ಷ ಕಾಯಬೇಕು. ಇನ್ನು ಖರ್ಚನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳಬೇಕಾದ ಯೋಜನೆ ಇದು. ಹಾಗಾಗಿ ಕಾರ್ಡು ಫೋನಿನಲ್ಲಿ ಡೌನ್‌ಲೋಡ್ ಆಯಿತು ಅಂತ ಸುಮ್ನೆ ಇರಬೇಡಿ. ನೀವು ಹೋಗಬಹುದಾದ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಕೌಂಟರಿಗೆ ಹೋಗಿ 'ಈ ಕಾರ್ಡು ಇಲ್ಲಿ ನಡೆಯುತ್ತಾ?' ಅಂತ ಆರೋಗ್ಯವಾಗಿರುವಾಗಲೇ ಕೇಳಿ. 14555 ಸಹಾಯವಾಣಿ.

ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ. ಪೀಣ್ಯದಲ್ಲೋ, ಗಾರ್ಮೆಂಟ್ಸ್‌ನಲ್ಲೋ ಕನಿಷ್ಠ 5 ವರ್ಷ ಇಎಸ್‌ಐ ಕಟ್ಟಿ, ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತಮಗೂ ಗಂಡ ಅಥವಾ ಹೆಂಡತಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ. ಒಂದು ದಿನಕ್ಕಲ್ಲ, ಒಂದು ವರ್ಷಕ್ಕೆ 120. ರಾಜಾಜಿನಗರ, ಇಂದಿರಾನಗರ, ಪೀಣ್ಯದಲ್ಲಿ ಆಸ್ಪತ್ರೆಗಳಿವೆ. ಮಾಡಿಸದೆ ಬಿಟ್ಟವರನ್ನು ನಮ್ಮ ಬೀದಿಯಲ್ಲೇ ಇಬ್ಬರನ್ನು ಕಂಡಿದ್ದೇನೆ.

ಕೇಂದ್ರ ಸರ್ಕಾರದಿಂದ ನಿವೃತ್ತರಾದವರಿಗೆ ಸಿಜಿಎಚ್‌ಎಸ್, ಸೇನೆಯಿಂದ ಬಂದವರಿಗೆ ಇಸಿಎಚ್‌ಎಸ್ ಇದೆ. ಅವು ಇದ್ದರೆ ಕೆಳಗಿನದ್ದನ್ನೆಲ್ಲ ಅರ್ಧ ಮನಸ್ಸಿನಲ್ಲಿ ಓದಿದರೂ ಸಾಕು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ, ನೋಂದಣಿಗೆ ಕೊಟ್ಟ ದಿನಾಂಕ ಬಿಡಬಾರದು.

ಮಗನ ಕಂಪನಿಯ ಪಾಲಿಸಿ

ಬೆಂಗಳೂರಿನಲ್ಲಿ ಮಗನೋ ಮಗಳೋ ಐಟಿಯಲ್ಲಿದ್ದರೆ ಅಪ್ಪ-ಅಮ್ಮನಿಗೆ ಸಿಗುವ ಅತ್ಯುತ್ತಮ ಪಾಲಿಸಿ ಇದೇ. ಇದರಲ್ಲಿ ನನಗೆ ಅನುಮಾನವಿಲ್ಲ. ಸಾಮಾನ್ಯವಾಗಿ ಮೊದಲ ದಿನದಿಂದಲೇ ಹಳೆಯ ಕಾಯಿಲೆಗೆ ಕವರ್, ಮೆಡಿಕಲ್ ಟೆಸ್ಟ್ ಇಲ್ಲ, ಪ್ರೀಮಿಯಂ ಬಿಡಿ ಪಾಲಿಸಿಗಿಂತ ಕಮ್ಮಿ.

ಜಗಳ ಶುರುವಾಗುವುದು ಎಚ್‌ಆರ್ ಫಾರ್ಮ್ ಬಂದಾಗ. ಬಹಳ ಕಡೆ ಒಂದು ಜೋಡಿಯನ್ನು ಮಾತ್ರ ಸೇರಿಸಬಹುದು. ಅಪ್ಪ-ಅಮ್ಮನಾ, ಅತ್ತೆ-ಮಾವನಾ? ಒಬ್ಬರನ್ನು ಆ ಕಡೆಯಿಂದ, ಒಬ್ಬರನ್ನು ಈ ಕಡೆಯಿಂದ ಅಂದರೆ ಆಗಲ್ಲ. ಗಂಡ-ಹೆಂಡತಿ ಇಬ್ಬರೂ ಕೆಲಸದಲ್ಲಿದ್ದರೆ ಒಂದೊಂದು ಜೋಡಿ ಹಂಚಿಕೊಂಡರೆ ಮುಗಿಯಿತು. ಒಬ್ಬರೇ ದುಡಿಯುವ ಮನೆಯಾದರೆ, ಯಾರಿಗೆ ಹೊರಗೆ ಹೊಸ ಪಾಲಿಸಿ ಸಿಗುವುದು ಕಷ್ಟವೋ ಅವರನ್ನು ಇದರಲ್ಲಿ ಹಾಕಿ. ಆರೋಗ್ಯವಾಗಿರುವವರಿಗೆ ಹೊರಗೆ ಪಾಲಿಸಿ ಸಿಗುತ್ತದೆ. ಬೈಪಾಸ್ ಆದ ಮಾವನಿಗೆ ಸಿಗುವುದು ಕಷ್ಟ. ಊಟದ ಮೇಜಿನಲ್ಲಿ ಇದನ್ನು ಹೇಗೆ ಹೇಳುತ್ತೀರೋ ನಿಮಗೆ ಬಿಟ್ಟದ್ದು.

ತೂತು ಎಲ್ಲರಿಗೂ ಗೊತ್ತಿರುವುದೇ. ಕೆಲಸ ಹೋದ ದಿನ ಪಾಲಿಸಿಯೂ ಹೋಯಿತು. ಮಗ ಕೆಲಸ ಬದಲಾಯಿಸುವಾಗ ನಡುವೆ ಇಪ್ಪತ್ತು ದಿನ ಖಾಲಿ ಬಿದ್ದರೆ ಆ ಇಪ್ಪತ್ತು ದಿನ ಅಪ್ಪ-ಅಮ್ಮ ಬಯಲಲ್ಲಿ. ಬಿಡುವಾಗ ಅದೇ ಇನ್ಶೂರೆನ್ಸ್ ಕಂಪನಿಯ ಬಿಡಿ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬಹುದು. ಆದರೆ ವಯಸ್ಸು, ಕಾಯಿಲೆ ನೋಡಿ ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಹಾಗಾಗಿ ಇದನ್ನು ಮೊದಲನೆಯದಾಗಿ ಇಟ್ಟುಕೊಳ್ಳಿ, ಒಂದೇ ಒಂದಾಗಿ ಇಟ್ಟುಕೊಳ್ಳಬೇಡಿ.

ಸ್ವಂತ ಪಾಲಿಸಿ

'ಅಪ್ಪನಿಗೆ 68, ಇನ್ನು ಯಾರು ಕೊಡ್ತಾರೆ' ಅನ್ನುವ ಮಾತು ಹಳೆಯದಾಯಿತು. 65ರವರೆಗಿನವರಿಗೆ ಹೊಸ ಪಾಲಿಸಿ ಕೊಟ್ಟರೆ ಸಾಕು ಅನ್ನುವಂತಿದ್ದ ಮಿತಿಯನ್ನು 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರ ತೆಗೆದುಹಾಕಿದೆ. ಎಲ್ಲ ವಯಸ್ಸಿನವರಿಗೂ ಪಾಲಿಸಿ ತರಬೇಕು ಅಂದಿದೆ. ತರಬೇಕು ಅಂದಿದೆ, ನಿಮ್ಮ ಅಪ್ಪನಿಗೆ ಕೊಡಲೇಬೇಕು ಅಂದಿಲ್ಲ. ಟೆಸ್ಟ್ ಮಾಡಿಸಿ ಬೇಡ ಅನ್ನುವ ಹಕ್ಕು ಕಂಪನಿಗೆ ಇದ್ದೇ ಇದೆ.

ಹಳೆಯ ಕಾಯಿಲೆಗೆ ಕಾಯುವ ಅವಧಿ, ಅಂದರೆ ಪಾಲಿಸಿ ಮಾಡಿಸಿದ ಮೇಲೂ ಆ ಕಾಯಿಲೆಗೆ ದುಡ್ಡು ಬರದ ಅವಧಿ, ಈಗ ಹೆಚ್ಚೆಂದರೆ 36 ತಿಂಗಳು. ಮೊದಲು 48 ಇತ್ತು. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಚಿಪ್ಪು ಬದಲಾವಣೆ ಇಂಥವಕ್ಕೆ ಬೇರೆ ಪಟ್ಟಿ ಇರುತ್ತದೆ, ಸಾಮಾನ್ಯವಾಗಿ 24 ತಿಂಗಳಿಂದ ಮೇಲಕ್ಕೆ. ಮೂಳೆ ಸವೆತವೂ ಬಹಳ ಪಾಲಿಸಿಗಳಲ್ಲಿ ಆ ಪಟ್ಟಿಯಲ್ಲಿದೆ. ಅಮ್ಮನ ಕ್ಲೈಮಿಗೆ ಟಿಪಿಎಯಿಂದ, ಅಂದರೆ ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೈಮ್ ನೋಡುವವರಿಂದ, ಮೊದಲು ಬಂದ ಪ್ರಶ್ನೆಯೇ ಅದು. ಬಿದ್ದಿದ್ದಕ್ಕೆ ಮೂಳೆ ಮುರಿಯಿತಾ, ಮೂಳೆ ಸವೆದು ಮುರಿದಿದ್ದಕ್ಕೆ ಬಿದ್ದರಾ? ಅಪಘಾತವಾದರೆ ಕಾಯಬೇಕಿಲ್ಲ, ಸವೆತವಾದರೆ ಕಾಯಬೇಕು. ನಮ್ಮದು ಹಳೇ ಪಾಲಿಸಿ, ಹಾಗಾಗಿ ಬಚಾವ್. ಹೊಸದಾಗಿದ್ದರೆ ಒಂದು ಪೈಸೆಯೂ ಬರದೆ ಹೋಗಬಹುದಿತ್ತು.

ಕಾಯಿಲೆ ಮುಚ್ಚಿಡಬೇಡಿ. 'ಬಿಪಿ ಬರೆಯೋದು ಬೇಡ ಬಿಡಿ ಸಾರ್, ಪ್ರೀಮಿಯಂ ಜಾಸ್ತಿ ಆಗುತ್ತೆ' ಅನ್ನುವ ಏಜೆಂಟ್ ಕ್ಲೈಮಿನ ದಿನ ಫೋನ್ ಎತ್ತುವುದಿಲ್ಲ. 5 ವರ್ಷ ಬಿಡದೆ ಕಟ್ಟಿದ ಮೇಲೆ, ವಂಚನೆ ಅಂತ ಸಾಬೀತು ಮಾಡಿದರೆ ಹೊರತು, 'ನೀವು ಆಗ ಹೇಳಿರಲಿಲ್ಲ' ಅಂತ ಕ್ಲೈಮ್ ತಳ್ಳುವ ಹಾಗಿಲ್ಲ. ಆ ಐದು ವರ್ಷದೊಳಗೆ ತಳ್ಳುತ್ತಾರೆ.

ಪ್ರೀಮಿಯಂ ವಿಷಯ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ. ಮೊದಲು ಶೇ. 18 ಇತ್ತು. 40,000ದ ಪ್ರೀಮಿಯಂಗೆ 47,200 ಕಟ್ಟುತ್ತಿದ್ದವರಿಗೆ 7,200 ಉಳಿತಾಯ. ಇನ್ನೊಂದು, 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರದ ಜೊತೆ ಮಾತಾಡಬೇಕು ಅಂತ 2025ರ ಜನವರಿಯಲ್ಲಿ ನಿಯಮ ಬಂತು. ಶೇ. 10 ಕಮ್ಮಿ ಅನ್ನಿಸಬಹುದು. ಪ್ರತಿ ವರ್ಷ ಹತ್ತು ಏರಿದರೆ 40,000 ಹತ್ತು ವರ್ಷಕ್ಕೆ ಒಂದು ಲಕ್ಷ ದಾಟುತ್ತದೆ. ಪೆನ್ಷನ್ ಅಷ್ಟು ಏರುತ್ತಾ? 70ನೇ ವಯಸ್ಸಿಗೆ ಕಟ್ಟಲು ಆಗುವ ಪಾಲಿಸಿ ಅಲ್ಲ, 80ನೇ ವಯಸ್ಸಿಗೂ ಕಟ್ಟಲು ಆಗುವ ಪಾಲಿಸಿ ನೋಡಬೇಕು. ಎಪ್ಪತ್ತೆಂಟಕ್ಕೆ ಕೈಬಿಟ್ಟರೆ ಅಷ್ಟು ದಿನ ಕಟ್ಟಿದ್ದು ಹೊಳೆಯಲ್ಲಿ ಹುಣಸೆಹಣ್ಣು.

ಎರಡು ಪಾಲಿಸಿ ಪಕ್ಕಪಕ್ಕ ಇಟ್ಟಾಗ ನಾನು ನೋಡುವ ಕ್ರಮ ಇದು. ಮೊದಲು ರೂಮ್ ಮಿತಿ. ಮಿತಿಯೇ ಇಲ್ಲದ್ದು ಸಿಕ್ಕರೆ ಒಟ್ಟು ಮೊತ್ತ ಸ್ವಲ್ಪ ಕಮ್ಮಿ ಇದ್ದರೂ ಅದನ್ನೇ ಆರಿಸುತ್ತೇನೆ. ಆಮೇಲೆ ಕೋ-ಪೇ. ಹಿರಿಯರ ಪಾಲಿಸಿಗಳಲ್ಲಿ ಶೇ. 20, 30 ಮಾಮೂಲು, ಸ್ವಲ್ಪ ಜಾಸ್ತಿ ಕಟ್ಟಿದರೆ ಕೆಲವರು ಇಳಿಸುತ್ತಾರೆ. ಮೂರನೆಯದು ಕಾಯಿಲೆಗೊಂದು ಮಿತಿ ಇದೆಯಾ. ಪೊರೆಗೆ ಇಷ್ಟು, ಮಂಡಿಗೆ ಇಷ್ಟು ಅಂತ ಒಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಒಟ್ಟು ಮೊತ್ತವನ್ನು ನಾನು ಕೊನೆಗೆ ನೋಡುತ್ತೇನೆ. ಏಜೆಂಟ್ ಮೊದಲು ಹೇಳುವುದೇ ಅದು.

ಎಲ್ಲ ಕಂಪನಿಗಳಲ್ಲೂ ಒಂದೇ ಥರ ಇರುವ 'ಆರೋಗ್ಯ ಸಂಜೀವಿನಿ' ಅನ್ನುವ ಪಾಲಿಸಿ ಒಂದಿದೆ, 2020ರ ಏಪ್ರಿಲ್‌ನಿಂದ. ಕೋ-ಪೇ ಶೇ. 5 ಮಾತ್ರ. ರೂಮಿಗೆ ಮೊತ್ತದ ಶೇ. 2, ಆದರೆ ದಿನಕ್ಕೆ 5,000 ಮೀರುವಂತಿಲ್ಲ. ಪೊರೆಗೆ ಒಂದು ಕಣ್ಣಿಗೆ ಹೆಚ್ಚೆಂದರೆ 40,000. ಷರತ್ತು ಒಂದೇ ಆಗಿರುವುದರಿಂದ ಬೆಲೆ ಹೋಲಿಸುವುದು ಸುಲಭ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಒಂಟಿ ರೂಮಿಗೆ 5,000 ಸಾಲುವುದು ಕಷ್ಟ. ಹಂಚಿಕೊಳ್ಳುವ ರೂಮ್ ಪರವಾಗಿಲ್ಲ ಅನ್ನುವವರಿಗೆ ಒಳ್ಳೆಯ ಆಯ್ಕೆ.

ಈಗಿರುವ ಪಾಲಿಸಿ ಇಷ್ಟವಿಲ್ಲ ಅಂತ ಬಿಟ್ಟು ಹೊಸದು ಮಾಡಿಸಬೇಡಿ, ಕಾಯುವ ಅವಧಿ ಮತ್ತೆ ಒಂದರಿಂದ ಶುರುವಾಗುತ್ತದೆ. ಪೋರ್ಟ್ ಮಾಡಿಸಿ, ಅಂದರೆ ಇರುವ ಪಾಲಿಸಿಯನ್ನೇ ಬೇರೆ ಕಂಪನಿಗೆ ಬದಲಾಯಿಸಿಕೊಳ್ಳಿ. ರಿನ್ಯೂವಲ್‌ಗೆ 45 ದಿನ ಮುಂಚೆಯೇ ಅರ್ಜಿ ಹಾಕಬೇಕು. ಹಳೆಯ ಮೊತ್ತದಷ್ಟಕ್ಕೆ ಕಾದ ವರ್ಷಗಳು ಲೆಕ್ಕಕ್ಕೆ ಬರುತ್ತವೆ.

ಸೂಪರ್ ಟಾಪ್‌ಅಪ್

ಇದರ ಬಗ್ಗೆ ಯಾಕೆ ಯಾರೂ ಜಾಸ್ತಿ ಹೇಳಲ್ಲವೋ ಗೊತ್ತಿಲ್ಲ, ಬಹುಶಃ ಕಮಿಷನ್ ಕಮ್ಮಿ. ಮೊದಲ 5 ಲಕ್ಷ ನೀವು ನೋಡಿಕೊಳ್ಳಿ, ಅದರ ಮೇಲಿನದ್ದನ್ನು ನಾವು ಕೊಡುತ್ತೇವೆ ಅನ್ನುವ ಪಾಲಿಸಿ. ಆ ಮೊದಲ 5 ಲಕ್ಷ ಮಗನ ಕಂಪನಿಯಿಂದ ಬರಲಿ, ಸ್ವಂತ ಎಫ್‌ಡಿಯಿಂದ ಬರಲಿ, ಅವರಿಗೆ ಎರಡೂ ಒಂದೇ. ಪೂರ್ತಿ ಪಾಲಿಸಿಗೆ ಹೋಲಿಸಿದರೆ ಅಗ್ಗ.

'ಟಾಪ್‌ಅಪ್' ಬೇರೆ, 'ಸೂಪರ್ ಟಾಪ್‌ಅಪ್' ಬೇರೆ. ಒಂದು ವರ್ಷದಲ್ಲಿ ಮೊದಲು 4 ಲಕ್ಷದ ಬಿಲ್ಲು, ಆಮೇಲೆ 3 ಲಕ್ಷದ ಬಿಲ್ಲು ಬಂತು ಅಂದುಕೊಳ್ಳಿ. ಬರೀ ಟಾಪ್‌ಅಪ್ ಆದರೆ ಯಾವ ಬಿಲ್ಲೂ 5 ಲಕ್ಷ ದಾಟಲಿಲ್ಲ, ಏನೂ ಬರಲ್ಲ. ಸೂಪರ್ ಆದರೆ ಎರಡನ್ನೂ ಕೂಡಿ 7 ಲಕ್ಷ ಅಂತ ಹಿಡಿದು 2 ಲಕ್ಷ ಕೊಡುತ್ತಾರೆ. ವಯಸ್ಸಾದವರು ಒಂದೇ ಸಲ ಆಸ್ಪತ್ರೆಗೆ ಹೋಗುವುದು ಅಪರೂಪ ಅಲ್ವಾ? ಸೂಪರ್ ಅನ್ನೇ ಕೇಳಿ. ಕಾಯುವ ಅವಧಿ ಇದಕ್ಕೂ ಇದೆ, ಆದ್ದರಿಂದ ಮಗ ಕೆಲಸದಲ್ಲಿರುವಾಗಲೇ ಮಾಡಿಸಿ ಇಟ್ಟರೆ ಅವನು ಕೆಲಸ ಬಿಡುವ ಹೊತ್ತಿಗೆ ಇದು ಹಳತಾಗಿರುತ್ತದೆ.

ಬ್ಯಾಂಕಿನಲ್ಲಿ ಇಟ್ಟ ದುಡ್ಡು

ನಮ್ಮ ದೊಡ್ಡಪ್ಪ ಒಂದು ವಾದ ಹೂಡುತ್ತಾರೆ. "ವರ್ಷಕ್ಕೆ ನಲವತ್ತು ಸಾವಿರ ಅವರಿಗೆ ಯಾಕೆ ಕಟ್ಟಲಮ್ಮ, ನಾನೇ ಇಟ್ಟುಕೊಳ್ಳುತ್ತೇನೆ." ಲೆಕ್ಕ ಹಾಕಿದರೆ ಅವರ ಮಾತಿನಲ್ಲೂ ಹುರುಳಿದೆ. ವರ್ಷಕ್ಕೆ ಶೇ. 10 ಏರುವ 40,000ದ ಪ್ರೀಮಿಯಂ ಹತ್ತು ವರ್ಷಕ್ಕೆ ಒಟ್ಟು 6,37,000 ಆಗುತ್ತದೆ. ಬಡ್ಡಿ ಬೇರೆ. ಅಷ್ಟು ದುಡ್ಡಿಗೆ ಎರಡು ಒಳ್ಳೆಯ ಆಪರೇಷನ್ ಆಗುತ್ತವೆ, ಕೋ-ಪೇ ಇಲ್ಲ, ಟಿಪಿಎ ಇಲ್ಲ, ಯಾರ ಕಾಲೂ ಹಿಡಿಯಬೇಕಿಲ್ಲ.

ತೊಂದರೆ ಏನೆಂದರೆ ಕಾಯಿಲೆ ಹತ್ತನೇ ವರ್ಷಕ್ಕೆ ಬರುತ್ತೇನೆ ಅಂತ ಬರೆದುಕೊಟ್ಟಿಲ್ಲ. ಎರಡನೇ ವರ್ಷಕ್ಕೆ ಬಂದರೆ ದೊಡ್ಡಪ್ಪನ ಡಬ್ಬಿಯಲ್ಲಿ 84,000 ಇರುತ್ತದೆ. ತಮಾಷೆ ನೋಡಿ, ಹೊಸ ಪಾಲಿಸಿ ತೆಗೆದುಕೊಂಡವರ ಗತಿಯೂ ಬೇರೆ ಅಲ್ಲ, ಹಳೆಯ ಕಾಯಿಲೆಯಾದರೆ ಅವರಿಗೂ ಎರಡನೇ ವರ್ಷ ಏನೂ ಬರಲ್ಲ. ಡಬ್ಬಿ ತುಂಬಲೂ ವರ್ಷ ಬೇಕು, ಪಾಲಿಸಿ ಮಾಗಲೂ ವರ್ಷ ಬೇಕು. ಮೊದಲ ಮೂರು ವರ್ಷ ಎರಡರಲ್ಲೂ ತೂತೇ. ಅದನ್ನು ಮುಚ್ಚುವುದು ಈಗಾಗಲೇ ಕೈಯಲ್ಲಿರುವ ದುಡ್ಡು, ಇಲ್ಲವೇ ಕಾಯುವ ಅವಧಿಯೇ ಇಲ್ಲದ ಸರ್ಕಾರದ ಕಾರ್ಡು ಮತ್ತು ಮಗನ ಪಾಲಿಸಿ.

ಹೆಚ್ಚಿನ ಪಾಲಿಸಿಗಳು ಕೊಡದ ಖರ್ಚು ಮನೆಗೆ ಬಂದ ಮೇಲೆ ಶುರುವಾಗುತ್ತದೆ. ಅಮ್ಮನಿಗೆ ಎರಡು ತಿಂಗಳು ನೋಡಿಕೊಳ್ಳುವವರನ್ನು ಇಟ್ಟೆವು. ಫಿಸಿಯೋಥೆರಪಿಗೆ ದಿನ ಬಿಟ್ಟು ದಿನ ಮನೆಗೆ ಬರುತ್ತಿದ್ದರು. ವಾಕರ್, ಕಮೋಡ್ ಕುರ್ಚಿ, ಡೈಪರ್. ಎರಡು ತಿಂಗಳಲ್ಲಿ ಲಕ್ಷ ದಾಟಿತು. ಪಾಲಿಸಿಗಳು ಡಿಸ್ಚಾರ್ಜ್ ಆದ ಮೇಲೂ 60 ದಿನವೋ 90 ದಿನವೋ ಔಷಧಿ, ಟೆಸ್ಟಿನ ಖರ್ಚು ಕೊಡುತ್ತವೆ, ಬಿಲ್ ಇಟ್ಟುಕೊಳ್ಳಿ. ಆಯಾಗೆ ಕೊಟ್ಟ ಸಂಬಳ ಅದರಲ್ಲಿ ಬರಲ್ಲ. ತಿಂಗಳು ತಿಂಗಳು ನುಂಗುವ ಬಿಪಿ-ಶುಗರ್ ಮಾತ್ರೆಯೂ ಬರಲ್ಲ. ಅದಕ್ಕೆ ಜನೌಷಧಿ ಅಂಗಡಿಯೇ ಇನ್ಶೂರೆನ್ಸ್.

ಹಾಗಾಗಿ ಎಷ್ಟೇ ದೊಡ್ಡ ಪಾಲಿಸಿ ಇರಲಿ, 2-3 ಲಕ್ಷ ಬೇರೆ ಇರಲೇಬೇಕು. ಒಂದೇ ಎಫ್‌ಡಿ ಬೇಡ, 50 ಸಾವಿರದ ಐದು ಮಾಡಿ, ಬೇಕಾದಷ್ಟೇ ಮುರಿಯಬಹುದು. ಜಂಟಿ ಹೆಸರಿನಲ್ಲಿ ಇಡಿ. 'ಇಬ್ಬರಲ್ಲಿ ಯಾರಾದರೂ' ಅಂತ ಇದ್ದ ಮಾತ್ರಕ್ಕೆ ಸಾಲದು, ಅವಧಿಗೆ ಮುಂಚೆ ಮುರಿಯಲು ಬ್ಯಾಂಕು ಇಬ್ಬರ ಸಹಿ ಕೇಳಬಹುದು. ಒಬ್ಬರು ಐಸಿಯುನಲ್ಲಿದ್ದಾಗ ಸಹಿ ಎಲ್ಲಿಂದ ತರುವುದು? ಮುಂಚಿತವಾಗಿ ಮುರಿಯಲೂ ಒಬ್ಬರ ಸಹಿ ಸಾಕು ಅಂತ ಈಗಲೇ ಬರೆದುಕೊಡಿ. ಹಾಗೇ ಅಪ್ಪನ ಫೋನಿನ ಪಿನ್ ಅಮ್ಮನಿಗೆ ಗೊತ್ತಿದೆಯಾ ಕೇಳಿ ನೋಡಿ.

ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ಆಸ್ಪತ್ರೆ ನಿಧಿ ಮಾಡಿಕೊಳ್ಳಬೇಡಿ, ಬೇಗ ಮುರಿದರೆ ದಂಡ. ಆದರೆ ಪ್ರೀಮಿಯಂ ಕಟ್ಟಲು ಅದು ಸೊಗಸು. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ. 8.2ಕ್ಕೆ ಏರಿತು. ಆ ದರದಲ್ಲಿ 10 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 20,500 ಬರುತ್ತದೆ. ಗಂಡ-ಹೆಂಡತಿ ಇಬ್ಬರ ಪ್ರೀಮಿಯಂ ಅದರಲ್ಲೇ ಆಗಬಹುದು, ಅಸಲು ಮುಟ್ಟಬೇಕಿಲ್ಲ.

ತೆರಿಗೆ ಹಳೇ ಪದ್ಧತಿಯಲ್ಲಿ ಕಟ್ಟುವವರಿಗೆ 80ಡಿ ಅಂತ ಕರೆಯುವ ವಿನಾಯಿತಿ ಇದೆ, ಹಿರಿಯರ ಪ್ರೀಮಿಯಂಗೆ 50,000ದವರೆಗೆ. ಹೊಸ ಪದ್ಧತಿಯವರಿಗೆ ಇಲ್ಲ.

ಯಾರಿಗೆ ಯಾವುದು

ಬಿಪಿಎಲ್ ಕಾರ್ಡಿರುವ ಮನೆಯವರು ಸಾಲ ಮಾಡಿ ಪಾಲಿಸಿ ತೆಗೆಯುವುದು ಬೇಡ ಅನ್ನುತ್ತೇನೆ. ಕಾರ್ಡು ಸರಿ ಇರಲಿ, ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರು ಒಂದೇ ಥರ ಇರಲಿ. ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀದೇವಿ ಅಂತ ಇದ್ದರೆ ಇವತ್ತೇ ಸರಿ ಮಾಡಿಸಿ. ಕೈಯಲ್ಲಿ 50 ಸಾವಿರ ಇದ್ದರೆ ಆಯಾ, ಓಡಾಟ, ಔಷಧಿಗೆ ಇಟ್ಟುಕೊಳ್ಳಿ.

ಮಗ ಅಥವಾ ಮಗಳ ಕಂಪನಿ ಪಾಲಿಸಿ ಇರುವವರು ಅದರ ಮೊತ್ತದಷ್ಟೇ ಡಿಡಕ್ಟಿಬಲ್ (ಮೊದಲು ನಾವು ನೋಡಿಕೊಳ್ಳಬೇಕಾದ ಮೊತ್ತ) ಇರುವ ಸೂಪರ್ ಟಾಪ್‌ಅಪ್ ಒಂದನ್ನು ಸ್ವಂತ ಹೆಸರಿನಲ್ಲಿ ಮಾಡಿಸಿ. ಅಪ್ಪ-ಅಮ್ಮ ಇನ್ನೂ 65 ದಾಟಿಲ್ಲ, ಕಾಯಿಲೆ ಕಮ್ಮಿ ಅಂದರೆ ಸಣ್ಣದೊಂದು ಸ್ವಂತ ಪಾಲಿಸಿಯೂ ಇರಲಿ.

ಬೆಂಗಳೂರಿಗೇ ಹೇಳಿ ಮಾಡಿಸಿದ ಇನ್ನೊಂದು ಬಗೆಯ ಮನೆ ಇದೆ. ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ. ಬೆಲೆ ಕೋಟಿಗಳಲ್ಲಿ, ಬ್ಯಾಂಕಿನಲ್ಲಿ ಐದಾರು ಲಕ್ಷ. ಮಕ್ಕಳು ದೂರ. ಕಾಗದದಲ್ಲಿ ಶ್ರೀಮಂತರು, ಕೌಂಟರಿನಲ್ಲಿ ಪರದಾಟ. ಇವರಿಗೆ ಸರ್ಕಾರದ ಸಾಲಿನಲ್ಲಿ ನಿಲ್ಲಲು ಜನ ಇಲ್ಲ, ಗೋಡೆ ಮುರಿದು ಮಾರಲು ಆಗಲ್ಲ. ಇವರಿಗೆ ಸ್ವಂತ ಪಾಲಿಸಿಯೇ ಬೇಕು, ಕೋ-ಪೇ ಇದ್ದರೂ ಸರಿ. ಮೇಲಿನ ಮನೆಯ ಬಾಡಿಗೆಯಲ್ಲಿ ಒಂದೂವರೆ ತಿಂಗಳಿನದ್ದನ್ನು ಪ್ರೀಮಿಯಂಗೆ ಅಂತ ಎತ್ತಿಟ್ಟರೆ ಹೆಚ್ಚಿನವರಿಗೆ ಆಗಿಹೋಗುತ್ತದೆ.

75 ದಾಟಿ, ಬೈಪಾಸ್ ಆಗಿ, ಕಿಡ್ನಿ ತೊಂದರೆಯೂ ಇರುವವರಿಗೆ ಹೊಸ ಪಾಲಿಸಿ ಹುಡುಕುತ್ತಾ ಅಲೆಯುವುದು ನನ್ನ ಲೆಕ್ಕದಲ್ಲಿ ದಂಡ. ಸಿಕ್ಕಿದರೂ ಮೂರು ವರ್ಷ ಅದೇ ಕಾಯಿಲೆಗಳಿಗೆ ಬರಲ್ಲ. ಇಲ್ಲಿ ದೊಡ್ಡಪ್ಪನ ಡಬ್ಬಿಯೂ ಸರ್ಕಾರದ ಕಾರ್ಡೂ ಸೇರಿದರೆ ಮೇಲು.

ಡಿಸ್ಚಾರ್ಜ್ ದಿನ ಮತ್ತು ಆಮೇಲೆ

ಕ್ಯಾಶ್‌ಲೆಸ್‌ಗೆ, ಅಂದರೆ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವುದಕ್ಕೆ, ಅರ್ಜಿ ಹೋದ ಒಂದು ಗಂಟೆಯಲ್ಲಿ ಕಂಪನಿ ಉತ್ತರಿಸಬೇಕು. ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯಲ್ಲಿ ಅಂತಿಮ ಒಪ್ಪಿಗೆ ಕೊಡಬೇಕು. 2024ರ ಮೇ ತಿಂಗಳ ನಿಯಮ ಇದು. ತಡವಾಗಿ ಆಸ್ಪತ್ರೆ ಹೆಚ್ಚಿನ ಬಾಡಿಗೆ ಹಾಕಿದರೆ ಅದು ಕಂಪನಿಯ ತಲೆಗೆ. ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೋರಿಕೆ ಕಳಿಸಿದ ಸಮಯ ಕೇಳಿ ಬರೆದಿಟ್ಟುಕೊಳ್ಳಿ. ಬಹಳ ಸಲ ತಡವಾಗುವುದು ಆಸ್ಪತ್ರೆಯವರು ಕಾಗದ ಕಳಿಸುವುದರಲ್ಲೇ.

ಈಗ ಆ ತಪ್ಪಿನ ವಿಷಯ. ರೂಮ್ ಮಿತಿಯ ಕತ್ತರಿ ಔಷಧಿ, ಟೆಸ್ಟು, ಇಂಪ್ಲಾಂಟುಗಳಿಗೆ ಹಾಕುವ ಹಾಗಿಲ್ಲ. ನಮಗೆ ಇಂಪ್ಲಾಂಟಿನ 70,000ದಲ್ಲೂ ಅರ್ಧ ಕತ್ತರಿಸಿದ್ದರು. ಕಂಪನಿಯ ದೂರು ವಿಭಾಗಕ್ಕೆ ಒಂದು ಪುಟದ ಮೇಲ್ ಬರೆದೆ. ಇಂಪ್ಲಾಂಟಿನ ಬಿಲ್ಲು, ಕಡಿತದ ಪಟ್ಟಿ ಲಗತ್ತಿಸಿದೆ. ಮೊದಲು 'ಷರತ್ತಿನ ಪ್ರಕಾರ ಸರಿ ಇದೆ' ಅಂತ ಎರಡು ಸಾಲು ಬಂತು. ಯಾವ ಷರತ್ತು, ಸಂಖ್ಯೆ ಹೇಳಿ ಅಂತ ಮತ್ತೆ ಬರೆದೆ. ಇಲ್ಲದಿದ್ದರೆ ಇನ್ಶೂರೆನ್ಸ್ ದೂರುಗಳನ್ನು ಕೇಳುವ ಒಂಬುಡ್ಸ್‌ಮನ್‌ಗೆ ಹೋಗುತ್ತೇನೆ ಅಂತಲೂ ಸೇರಿಸಿದೆ. ನಮ್ಮ ಪುಣ್ಯಕ್ಕೆ ಆ ಕಚೇರಿ ಜೆ.ಪಿ. ನಗರ ಒಂದನೇ ಹಂತದಲ್ಲಿ, ಜೀವನ ಸೌಧದಲ್ಲೇ ಇದೆ. ಕಂಪನಿಗೆ ದೂರು ಕೊಟ್ಟು 30 ದಿನ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಒಂದು ವರ್ಷದೊಳಗೆ ಅಲ್ಲಿಗೆ ಹೋಗಬಹುದು. ಫೀಸಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ದೂರು ತೆಗೆದುಕೊಳ್ಳುತ್ತಾರೆ.

ನಮಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಮೂರನೇ ವಾರ ಅಪ್ಪನ ಖಾತೆಗೆ 28,000 ಬಂತು, 35,000ದಲ್ಲಿ ಕೋ-ಪೇ ಕಳೆದು. ಅಪ್ಪ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದು ಅಮ್ಮನಿಗೆ ತೋರಿಸಿದರು. ಅಮ್ಮ ಅದನ್ನು ನೋಡಲೂ ಇಲ್ಲ, "ಮೊದಲು ಆ ಬಚ್ಚಲ ಕಲ್ಲು ಕಿತ್ತಾಕಿಸಿ" ಅಂದರು. ಜಾರದ ಟೈಲ್ಸ್ ಹಾಕಿಸಿ, ಗೋಡೆಗೆ ಎರಡು ಕಡೆ ಸ್ಟೀಲ್ ಹಿಡಿಕೆ ಹೊಡೆಸಿದ ಮೇಲೂ ಮೂರು ಸಾವಿರ ಮಿಕ್ಕಿತು.